ಪಯಾನ್ ಒಡೆದಾಗ ಎಲೆಕ್ಟ್ರಾನ್ ಯಾಕಷ್ಟು ಅಪರೂಪ?

ನೀವು ಕೇಳಿದ್ದು ಇಷ್ಟು: ನಿಂತಿರುವ ಪಯಾನ್ (ಕ್ಷಣದಲ್ಲೇ ಒಡೆಯುವ ಒಂದು ಪುಟ್ಟ ಕಣ) ಒಡೆದರೆ ಮ್ಯುಯಾನ್ (ಎಲೆಕ್ಟ್ರಾನ್‌ನಂಥದ್ದೇ, ಆದರೆ ಭಾರದ ಕಣ) ಒಂದು ಕಡೆ, ನ್ಯೂಟ್ರಿನೊ (ತೂಕ ಇಲ್ಲವೇನೋ ಅನ್ನುವಷ್ಟು ಹಗುರದ ಕಣ) ಎದುರು ಕಡೆ. ಸರಿ. ಆದರೆ ಮ್ಯುಯಾನ್ ಬದಲು ಎಲೆಕ್ಟ್ರಾನ್ ಹತ್ತು ಸಾವಿರಕ್ಕೆ ಒಂದು ಸಲ ಮಾತ್ರ ಬರುವುದು ಯಾಕೆ? ಅದು ಹಗುರ, ಅದೇ ಜಾಸ್ತಿ ಬರಬೇಕಿತ್ತಲ್ವಾ?

ನಾನು ಗಂಗಾವತಿಯಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುವವನು. ಇದು ನನ್ನ ತಲೆಗೆ ಹೋಗಿದ್ದು ಸೈಕಲ್ ಪೆಡಲ್‌ನಿಂದ.

ಮೊದಲು ಸಂವೇಗ. ಆನೆಗೊಂದಿಯ ಹೊಳೆಯಲ್ಲಿ ಎರಡು ಹರಿಗೋಲು ಒತ್ತಿಕೊಂಡು ನಿಂತಿವೆ ಅನ್ನಿ. ಒಬ್ಬರು ಪಕ್ಕದ್ದನ್ನು ನೂಕಿದರೆ ಎರಡೂ ಹಿಂದಕ್ಕೆ ಸರಿಯುತ್ತವೆ. ಮೊದಲು ಒಟ್ಟು ಸೊನ್ನೆ, ಆಮೇಲೂ ಸೊನ್ನೆ. ಪಯಾನ್ ಕಥೆಯೂ ಅದೇ. ಅದರ ಸ್ಪಿನ್ (ಕಣಕ್ಕೆ ಹುಟ್ಟಿನಿಂದಲೇ ಇರುವ, ಸುತ್ತುವಿಕೆಯಂಥ ಗುಣ) ಸೊನ್ನೆ, ಹಾಗಾಗಿ ಅದಕ್ಕೆ ಇಂಥದ್ದೇ ದಿಕ್ಕು ಅಂತಿಲ್ಲ. ಎಲ್ಲ ಕಡೆಗೂ ಸಮ ಅವಕಾಶ.

ಇನ್ನು ಪೆಡಲ್. ಹೈಸ್ಕೂಲಲ್ಲಿದ್ದಾಗ ಎಡ ಪೆಡಲ್ ಬಿಚ್ಚಲು ಕೂತೆ. ಪಾನಾ ಹಾಕಿ ತಿರುವಿದಷ್ಟೂ ಬಿಗಿ! ಅಂಗಡಿಯವರು ನಕ್ಕು, 'ಎಡಗಡೇದು ಉಲ್ಟಾ ಥ್ರೆಡ್ಡಪ್ಪ, ಈ ಕಡೆ ತಿರುವು' ಅಂದರು. ನ್ಯೂಟ್ರಿನೊ ಆ ಎಡ ಪೆಡಲ್ ಇದ್ದಂತೆ. ಹಿಂದಿನಿಂದ ನೋಡಿದರೆ ಅದರ ಸ್ಪಿನ್ ಯಾವಾಗಲೂ ಎಡಸುತ್ತು. (ನಿಜವಾಗಿ ಬುಗುರಿಯಂತೆ ತಿರುಗುತ್ತದೆ ಅಂತಲ್ಲ.)

ಪ್ಲಸ್ ಪಯಾನ್, ಅಂದರೆ ಧನ ವಿದ್ಯುದಂಶದ್ದು, ತೆಗೆದುಕೊಳ್ಳಿ. ಒಟ್ಟು ಸ್ಪಿನ್ ಸೊನ್ನೆಯೇ ಉಳಿಯಬೇಕು. ನ್ಯೂಟ್ರಿನೊ ಎಡಸುತ್ತಾದರೆ, ಎದುರು ಹೋಗುವ ಪ್ಲಸ್ ಮ್ಯುಯಾನ್ ಕೂಡ ಎಡಸುತ್ತೇ ಆಗಬೇಕು. ತೊಡಕು ಇಲ್ಲೇ. ಪ್ಲಸ್ ಮ್ಯುಯಾನ್ ಪ್ರತಿಕಣ (ತೂಕ ಅದೇ, ವಿದ್ಯುದಂಶ ಉಲ್ಟಾ), ಮತ್ತು ಪಯಾನ್ ಒಡೆಯುವ ದುರ್ಬಲ ಬಲಕ್ಕೆ ಪ್ರತಿಕಣಗಳು ಬಲಸುತ್ತಾಗಿಯೇ ಬೇಕು. ಹಾಗಾದರೆ ಮ್ಯುಯಾನ್ ಹೇಗೆ ಪಾರಾಯಿತು? ತೂಕ ಇರುವುದರಿಂದ. ನಿಮ್ಮ ಬಸ್ಸು ಎತ್ತಿನಗಾಡಿಯನ್ನು ಹಿಂದೆ ಹಾಕಿದಾಗ, ಕಿಟಕಿಯಿಂದ ಗಾಡಿ ಹಿಂದಕ್ಕೆ ಹೋದಂತೆ ಕಾಣುತ್ತದೆ. ಹಾಗೆಯೇ ನಿಧಾನದ ಕಣವನ್ನು ಹಿಂದೆ ಹಾಕಿದವರಿಗೆ ಅದರ ಓಟ ತಿರುಗಿ ಕಾಣುತ್ತದೆ, ಸ್ಪಿನ್ ಹಾಗೇ ಇರುತ್ತದೆ. ಎಡಸುತ್ತು ಬಲಸುತ್ತಾಗುತ್ತದೆ. ಅಂದರೆ ತೂಕದ ಕಣಕ್ಕೆ ಈ ಹಣೆಪಟ್ಟಿ ಅಷ್ಟು ಗಟ್ಟಿಯಲ್ಲ. ಮ್ಯುಯಾನ್ ಹೊರಡುವುದು ಬೆಳಕಿನ ವೇಗದ ಕಾಲು ಭಾಗಕ್ಕಿಂತ ಚೂರು ಜಾಸ್ತಿಯಲ್ಲಿ, ಅದಕ್ಕೆ ರಿಯಾಯಿತಿ ಸಿಗುತ್ತದೆ. ಎಲೆಕ್ಟ್ರಾನ್ (ಇಲ್ಲಿ ಅದರ ಪ್ರತಿಕಣ ಪಾಸಿಟ್ರಾನ್) ಬೆಳಕಿನ ವೇಗಕ್ಕೆ ಅಂಟಿಕೊಂಡೇ ಓಡಬೇಕು, ಅದಕ್ಕಿಲ್ಲ.

ಲೆಕ್ಕ ನೋಡಿ. ಎಲೆಕ್ಟ್ರಾನ್‌ಗಿಂತ ಮ್ಯುಯಾನ್ 207 ಪಟ್ಟು ಭಾರ. ಅದರ ವರ್ಗ ಸುಮಾರು 43,000, ಅಷ್ಟು ಪಟ್ಟು ಎಲೆಕ್ಟ್ರಾನ್‌ಗೆ ಪೆಟ್ಟು. ಹಗುರ ಅಂತ ಸಿಗುವ ಲಾಭ ಬರೀ ಐದೂವರೆ ಪಟ್ಟು. ಉಳಿಯುವುದು ಹತ್ತು ಸಾವಿರಕ್ಕೆ 1.3ರಷ್ಟು. ಇಷ್ಟು ಕಡಿಮೆ ಇದ್ದದ್ದಕ್ಕೇ 1958ರಲ್ಲಿ ಜಿನೀವಾದ ಕಣ ಪ್ರಯೋಗಾಲಯ ಸರ್ನ್‌ನಲ್ಲಿ ಸಿಗುವವರೆಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಣ ಯಾವ ಕಡೆ ಹೊರಡಬೇಕು ಅನ್ನುವುದನ್ನೂ ಸ್ಪಿನ್ ಎಳೆಯುವುದು ನೋಡಬೇಕಾದರೆ ಮುಂದಿನ ಹೆಜ್ಜೆ ನೋಡಿ. ಆ ಮ್ಯುಯಾನ್ ಸರಾಸರಿ 2.2 ಮೈಕ್ರೋಸೆಕೆಂಡಿನಲ್ಲಿ ತಾನೂ ಒಡೆಯುತ್ತದೆ, ಆಗ ಅದಕ್ಕೆ ಸ್ಪಿನ್ ಇದೆ, ದಿಕ್ಕೂ ಇದೆ. ಅದರಿಂದ ಬರುವ ಪಾಸಿಟ್ರಾನ್ ಆ ಸ್ಪಿನ್ನಿನ ಕಡೆಗೇ ಜಾಸ್ತಿ ಹೊರಡುತ್ತದೆ, ಅಂದರೆ ಮ್ಯುಯಾನ್ ಬಂದ ದಾರಿಯ ಕಡೆಗೇ. 1957ರ ಪ್ರಯೋಗದಲ್ಲಿ ಈ ಓರೆ ಸಿಕ್ಕಿತು.