ಐದು ಎಂಎಲ್, ಎರಡೂವರೆ ಎಂಎಲ್

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಒಬ್ಬ ವಿದ್ಯಾರ್ಥಿಯ ಕಥೆ ಇದು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.

ನರ್ಸಿಂಗ್ ಪದವಿಯ ಎರಡನೇ ವರ್ಷದ ಹುಡುಗ. ಹನ್ನೊಂದು ದಿನದಿಂದ ವಾರ್ಡಿಗೆ ಹೋಗಿರಲಿಲ್ಲ. ನನ್ನ ಮುಂದೆ ಕುರ್ಚಿಯ ತುದಿಯಲ್ಲಿ ಕೂತ. ಹೆಗಲಿನ ಬ್ಯಾಗ್ ಕೂಡ ಇಳಿಸಲಿಲ್ಲ. "ಕೋರ್ಸ್ ಬಿಡ್ತೀನಿ ಮೇಡಂ. ಮನೇಲಿ ಹೇಗೆ ಹೇಳೋದು ಅಂತ ಮಾತ್ರ ಹೇಳಿಕೊಡಿ" ಎಂದ.

ನಡೆದದ್ದು ಇಷ್ಟು. ಮಕ್ಕಳ ವಾರ್ಡಿನಲ್ಲಿ ಜ್ವರ ಬಂದ ಮಗುವಿಗೆ 125 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸಿರಪ್ ಕೊಡಬೇಕಿತ್ತು. ಹಿಂದಿನ ದಿನ ಅವನು ಬಳಸಿದ್ದ ಬಾಟಲಿಯಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇತ್ತು. ಅವತ್ತು ಕೈಗೆ ಸಿಕ್ಕಿದ್ದು 5 ಎಂಎಲ್‌ಗೆ 250 ಇರುವ ಬಾಟಲಿ. ಅದೇ ಬಣ್ಣ, ಅದೇ ಮುಚ್ಚಳ. ಅವನು ಸಿರಿಂಜಿಗೆ 5 ಎಂಎಲ್ ಎಳೆದ. ಎಳೆಯಬೇಕಿದ್ದದ್ದು ಎರಡೂವರೆ. ಮಗುವಿನ ತುಟಿಯ ಹತ್ತಿರ ಸಿರಿಂಜ್ ಹೋಗುವಷ್ಟರಲ್ಲಿ ಟೀಚರ್ ಅವನ ಮಣಿಕಟ್ಟು ಹಿಡಿದರು.

ನಾನು ಮೊದಲು ಹೇಳಿದ್ದು, "ಮಗುವಿಗೆ ಏನೂ ಆಗಲಿಲ್ವಲ್ಲ" ಅಂತ. ಹೇಳಬಾರದಿತ್ತು. ಅವನು ಮಾತು ನಿಲ್ಲಿಸಿಬಿಟ್ಟ. ಹನ್ನೊಂದು ದಿನದಿಂದ ಎಲ್ಲರೂ ಅವನಿಗೆ ಅದನ್ನೇ ಹೇಳಿದ್ದರು. ಅವನ ಕಣ್ಣ ಮುಂದೆ ಇದ್ದದ್ದು ಆಗದೇ ಹೋದದ್ದಲ್ಲ, ಆಗಬಹುದಾಗಿದ್ದದ್ದು.

ನಿದ್ದೆ, ಊಟ ಹೇಗಿದೆ ಎಂದು ಕೇಳಿದೆ. ಜೀವ ಬೇಡ ಎನಿಸುತ್ತಿದೆಯಾ ಎಂದೂ ನೇರವಾಗಿಯೇ ಕೇಳಿದೆ. ಇಂಥ ಹೊತ್ತಲ್ಲಿ ಈ ಪ್ರಶ್ನೆ ಕೇಳಲು ಸಂಕೋಚಪಡಬಾರದು. ಇಲ್ಲ ಎಂದ. ನಿದ್ದೆ ಮಾತ್ರ ಕೆಟ್ಟಿತ್ತು.

ಎರಡನೇ ಸಲ ಬಂದಾಗ ನಾನು ಸಮಾಧಾನ ಹೇಳಲು ಹೋಗಲಿಲ್ಲ. "ಆ ಎರಡು ನಿಮಿಷ ನನಗೆ ತೋರಿಸಿ" ಎಂದೆ. ಖಾಲಿ ಬಾಟಲಿ, ಒಂದು ಲೋಟ ನೀರು, ಸೂಜಿ ಇಲ್ಲದ ಸಿರಿಂಜ್ ಮೇಜಿನ ಮೇಲಿಟ್ಟಿದ್ದೆ. ಅವನು ಸಿರಿಂಜ್ ಮುಟ್ಟಲು ಸುಮಾರು ಹೊತ್ತು ತೆಗೆದುಕೊಂಡ. ಮುಟ್ಟಿದ ಮೇಲೆ ತಾನಾಗಿಯೇ ಹೇಳುತ್ತಾ ಹೋದ. ಬಾಟಲಿ ತೆಗೆಯುವಾಗ ಪಕ್ಕದ ಹಾಸಿಗೆಯಿಂದ ಯಾರೋ "ಬ್ರದರ್" ಎಂದು ಕೂಗಿದ್ದರು. ತಿರುಗಿ ಉತ್ತರ ಕೊಟ್ಟಿದ್ದ. ಆಮೇಲೆ ಲೇಬಲ್ ನೋಡದೆ ನೆನಪಿನಿಂದ ಎಳೆದಿದ್ದ. ಔಷಧಿ ತೆಗೆಯುವಾಗ, ಅಳೆಯುವಾಗ, ಬಾಟಲಿ ವಾಪಸ್ ಇಡುವಾಗ, ಹೀಗೆ ಮೂರು ಸಲ ಲೇಬಲ್ ಓದಬೇಕು ಎಂದು ಮೊದಲ ವರ್ಷವೇ ಕಲಿತಿದ್ದ. ಅವತ್ತು ಒಂದು ಸಲವೂ ಓದಿರಲಿಲ್ಲ.

"ಲೆಕ್ಕ ಬರಲ್ಲ ಅಂದುಕೊಂಡಿದ್ದೆ ಮೇಡಂ" ಎಂದ. ಲೆಕ್ಕ ಬರುತ್ತಿತ್ತು. 125ನ್ನು 250ರಿಂದ ಭಾಗಿಸಿ 5ರಿಂದ ಗುಣಿಸಿ ನನ್ನೆದುರೇ ಎರಡೂವರೆ ಎಂದು ಥಟ್ಟನೆ ಹೇಳಿದ. ತಪ್ಪಿದ್ದು ಓದುವುದು. 'ನಾನು ನರ್ಸ್ ಆಗೋಕೆ ಲಾಯಕ್ಕಲ್ಲ' ಎಂಬ ದೊಡ್ಡ ಮಾತಿನ ಅಡಿ ಇಷ್ಟು ಚಿಕ್ಕ, ತಿದ್ದಬಹುದಾದ ಜಾಗ ಇತ್ತು. ಅದು ಕಂಡ ಮೇಲೆ ಬ್ಯಾಗ್ ಕೆಳಗಿಟ್ಟ.

ಒಂದು ಕೆಲಸ ಬಾಕಿ ಇತ್ತು. ಘಟನೆಯ ವರದಿ ಬರೆಯಲು ಟೀಚರ್ ಹೇಳಿದ್ದರು, ಅವನು ಬರೆದಿರಲಿಲ್ಲ. ಅವನಿಗೆ ಅದು ತಪ್ಪೊಪ್ಪಿಗೆಯ ಹಾಗೆ ಕಂಡಿತ್ತು. ನಾನು ಬರೆಯಲೇಬೇಕು ಎಂದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಹೊರತಂದ ವರದಿ ಹೇಳಿದ್ದು ಇದನ್ನೇ: ಆಸ್ಪತ್ರೆಯ ತಪ್ಪುಗಳು ಹೆಚ್ಚಾಗಿ ಕೆಟ್ಟ ಜನರಿಂದಲ್ಲ, ಕೆಲಸದ ಏರ್ಪಾಡಿನ ಲೋಪದಿಂದ ಆಗುತ್ತವೆ. ಒಂದೇ ಥರ ಕಾಣುವ ಎರಡು ಬಾಟಲಿ ಒಂದೇ ಕಡೆ ಇದ್ದವು ಅಂತ ಇವನು ಬರೆಯದಿದ್ದರೆ ನಾಳೆ ಇನ್ನೊಬ್ಬರ ಕೈಗೆ ಅದೇ ಬಾಟಲಿ ಬರುತ್ತೆ, ಅಲ್ವಾ?

ಕೋರ್ಸ್ ಬಿಡುವ ವಿಷಯದಲ್ಲಿ ನಾನು ಹೇಳಿದ್ದು: ಬಿಡುವುದು ಅವಮಾನ ಅಲ್ಲ. ಈ ಕೆಲಸ ತನಗಲ್ಲ ಎಂದು ಅರಿತು ಬಿಟ್ಟವರನ್ನೂ ನೋಡಿದ್ದೇನೆ, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಹೆದರಿಕೊಂಡಿರುವಾಗ ತೀರ್ಮಾನ ಬೇಡ. ಈ ಪೋಸ್ಟಿಂಗ್, ಅಂದರೆ ಈ ವಾರ್ಡಿನ ತರಬೇತಿಯ ಅವಧಿ, ಮುಗಿಸಿ, ಆಮೇಲೆ ಯೋಚಿಸಿ. ಜೊತೆಗೆ, ಸುಮ್ನೆ ಮನೇಲಿ ಕೂತರೆ ವಾರ್ಡಿನಲ್ಲಿ ಕಲಿಯಬೇಕಾದ ಗಂಟೆಗಳು ತಪ್ಪುತ್ತವೆ. ನರ್ಸಿಂಗ್ ಓದಿನಲ್ಲಿ ವಾರ್ಡಿನ ಗಂಟೆಗಳಿಗೆ ಅಷ್ಟು ತೂಕ ಇದೆ. ಯುರೋಪಿಯನ್ ಒಕ್ಕೂಟದ ನಿಯಮವನ್ನೇ ನೋಡಿ: ಕನಿಷ್ಠ 4,600 ಗಂಟೆಯ ತರಬೇತಿ, ಅದರಲ್ಲಿ ಅರ್ಧವಾದರೂ ಪ್ರಾಯೋಗಿಕ. ಪುಸ್ತಕ ಎಷ್ಟೇ ಓದಿದ್ದರೂ ರೋಗಿಯ ಪಕ್ಕ ನಿಂತು ಕಲಿಯದೆ ನರ್ಸ್ ಆಗಿ ನೋಂದಣಿ ಸಿಗುವುದಿಲ್ಲ.

ವಾಪಸ್ ಹೋಗುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿದೆವು. ಮೊದಲ ಎರಡು ದಿನ ಔಷಧಿ ಕೊಡುವಾಗ ಪಕ್ಕದಲ್ಲಿ ನಿಂತು ನೋಡುವುದು ಮಾತ್ರ. ಆಮೇಲೆ ಲೇಬಲ್ ಜೋರಾಗಿ ಓದುವುದು. ಆಮೇಲೆ ಟೀಚರ್ ಎದುರು ಅಳೆಯುವುದು. ಮಧ್ಯೆ ಯಾರಾದರೂ ಕೂಗಿದರೆ "ಒಂದು ನಿಮಿಷ, ಬಂದೆ" ಎಂದು ಹೇಳಿ, ಮತ್ತೆ ಲೇಬಲ್‌ನಿಂದಲೇ ಶುರು ಮಾಡುವುದು. ಈ ಒಂದು ಮಾತನ್ನು ನನ್ನ ಕೋಣೆಯಲ್ಲಿ ಹತ್ತಾರು ಸಲ ಹೇಳಿಸಿದೆ. ದೊಡ್ಡವರಿಗೆ, ಅದರಲ್ಲೂ ಸೀನಿಯರ್‌ಗಳಿಗೆ, 'ಇರಿ' ಎನ್ನುವುದು ಅವನಿಗೆ ಲೆಕ್ಕಕ್ಕಿಂತ ಜಾಸ್ತಿ ಕಷ್ಟವಾಗಿತ್ತು.

ವರದಿ ಬರೆದ. ಆ ಎರಡು ಬಾಟಲಿಗಳು ಈಗ ಬೇರೆ ಬೇರೆ ಕಪಾಟಿನಲ್ಲಿವೆಯಂತೆ.

ಅವನೀಗ ಮೂರನೇ ವರ್ಷದಲ್ಲಿದ್ದಾನೆ. ಮಕ್ಕಳ ವಾರ್ಡಿನ ಡ್ಯೂಟಿ ಬಂದರೆ ಹಿಂದಿನ ರಾತ್ರಿ ಈಗಲೂ ಸರಿಯಾಗಿ ನಿದ್ದೆ ಬರುವುದಿಲ್ಲ. ಅದಕ್ಕೇ ಆ ಡ್ಯೂಟಿಯ ಹಿಂದಿನ ಸಂಜೆ ಅರ್ಧ ಗಂಟೆ ಮಾತಾಡುವುದು ಎಂದು ಇಬ್ಬರೂ ಒಪ್ಪಿಕೊಂಡಿದ್ದೇವೆ. ಮುಂದಿನದು ಬರುವ ಸೋಮವಾರ.