ಲಿಂಡಿಸ್ಫಾರ್ನ್‌ಗೆ ಹೊರಡುವ ಮುನ್ನ ಕಡಲಿನ ವೇಳೆ ನೋಡಿ

ಪ್ರಶ್ನೆ: ಜೂನ್ ತಿಂಗಳಲ್ಲಿ ನಾನೂ ನಮ್ಮ ಮನೆಯವರೂ ಲೀಡ್ಸ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ಬಾಡಿಗೆ ಕಾರಿನಲ್ಲಿ ಆರು ದಿನ ಇಂಗ್ಲೆಂಡಿನ ಉತ್ತರ ತುದಿಯ ನಾರ್ಥಂಬರ್ಲೆಂಡ್ ಸುತ್ತುವ ಯೋಚನೆಯಿದೆ. ಕರಾವಳಿಯನ್ನೂ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯನ್ನೂ ನೋಡಬೇಕು. ದಿನಗಳನ್ನು ಹೇಗೆ ಹಂಚಿಕೊಳ್ಳುವುದು?

ಉತ್ತರ: ರೂಮು ಬುಕ್ ಮಾಡುವುದಕ್ಕೂ ಮೊದಲು ಲಿಂಡಿಸ್ಫಾರ್ನ್ ದ್ವೀಪದ ದಾಟುವ ವೇಳೆಯ ಪಟ್ಟಿ ನೋಡಿ. ದ್ವೀಪಕ್ಕಿರುವ ಒಂದೇ ರಸ್ತೆ ದಿನಕ್ಕೆ ಎರಡು ಸಲ ಉಬ್ಬರದಲ್ಲಿ ಮುಳುಗುತ್ತದೆ. ಯಾವ ದಿನ ಎಷ್ಟರಿಂದ ಎಷ್ಟು ಗಂಟೆಯವರೆಗೆ ದಾಟಬಹುದು ಎಂಬುದನ್ನು ನಾರ್ಥಂಬರ್ಲೆಂಡ್ ಕೌಂಟಿ ಕೌನ್ಸಿಲ್ ಮುಂಚಿತವಾಗಿಯೇ ಪ್ರಕಟಿಸುತ್ತದೆ. ಈ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಸೋಮವಾರ ಅನುಕೂಲವಾಗಿದ್ದ ವೇಳೆ ವಾರದ ಕೊನೆಗೆ ನಟ್ಟನಡು ಹಗಲಿನಲ್ಲಿ ರಸ್ತೆ ಮುಚ್ಚುವಂತೆ ತಿರುಗಿರುತ್ತದೆ. ದ್ವೀಪದಲ್ಲಿ ಕನಿಷ್ಠ ನಾಲ್ಕು ಗಂಟೆ ಬಿಡುವು ಸಿಗುವ ದಿನವನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದ ದಿನಗಳನ್ನು ಅದರ ಸುತ್ತ ಜೋಡಿಸಿ.

ಪ್ರತಿ ವರ್ಷವೂ ಅಲ್ಲಿ ಕಾರುಗಳು ನೀರಿಗೆ ಸಿಕ್ಕಿಬೀಳುತ್ತವೆ. ದ್ವೀಪದ ಕಡೆಯಿಂದ ಹೊರಟಾಗ ರಸ್ತೆ ಒಣಗಿಯೇ ಕಾಣುತ್ತದೆ. ಆದರೆ ನೀರು ಮೊದಲು ಆಳವಾಗುವುದು ಮುಂದೆ, ಮುಖ್ಯ ಭೂಭಾಗದ ದಡಕ್ಕೆ ಹತ್ತಿರದ ಸೇತುವೆಯ ಬಳಿ. ಅಲ್ಲಿಗೆ ತಲುಪುವಷ್ಟರಲ್ಲಿ ಹಿಂದಿನ ದಾರಿಯೂ ಮುಚ್ಚಿಹೋಗುವುದುಂಟು. ಗಾಳಿ ಜೋರಾಗಿದ್ದರೆ ಪಟ್ಟಿಯ ವೇಳೆಗಿಂತ ಮೊದಲೇ ನೀರು ಏರಬಹುದು. ಆದ್ದರಿಂದ ಕೊನೆಯ ಅರ್ಧ ಗಂಟೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಬೇರೆ ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಿ ನೀವೇ ಲೆಕ್ಕ ಹಾಕುವುದೂ ಬೇಡ. ಅಕಸ್ಮಾತ್ ಸಿಕ್ಕಿಕೊಂಡರೆ ಕಾರಿನ ಆಸೆ ಬಿಟ್ಟು, ಸೇತುವೆಯ ಪಕ್ಕ ಕಂಬಗಳ ಮೇಲೆ ನಿಂತಿರುವ ಆಶ್ರಯದ ಗೂಡಿಗೆ ಹತ್ತಿ, 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಿ.

ವಾಸ್ತವ್ಯವನ್ನು ಎರಡು ಕಡೆ ಮಾಡಿ. ಕರಾವಳಿಗಾಗಿ ಮೂರು ರಾತ್ರಿ ಆನಿಕ್ ಅಥವಾ ಸೀಹೌಸಸ್, ಗೋಡೆಗಾಗಿ ಎರಡು ರಾತ್ರಿ ಹೆಕ್ಸಮ್. ಆನಿಕ್ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಎಲ್ ಮತ್ತು ಡಬ್ಲ್ಯೂ ಬರುತ್ತವೆ, ಉಚ್ಚಾರಣೆಯಲ್ಲಿ ಬರುವುದಿಲ್ಲ. ದಾರಿ ಕೇಳುವಾಗ ಇದು ನೆನಪಿರಲಿ. ಕರಾವಳಿಯ ಕೋಟೆಗಳಲ್ಲಿ ಬಾಂಬರಾ ಕೋಟೆಗೆ ಕಾರಿನಲ್ಲೇ ಹೋಗಬಹುದು. ಡನ್‌ಸ್ಟನ್‌ಬರಾ ಕೋಟೆಗೆ ರಸ್ತೆಯೇ ಇಲ್ಲ. ಕ್ರಾಸ್ಟರ್ ಎಂಬ ಮೀನುಗಾರರ ಹಳ್ಳಿಯಿಂದ ಕಡಲಂಚಿನ ಹುಲ್ಲುಗಾವಲಿನಲ್ಲಿ ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ನಡೆಯಬೇಕು. ಎರಡರಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಈ ನಡಿಗೆಯನ್ನೇ ಆರಿಸಿಕೊಳ್ಳಿ.

ಕ್ರಿ.ಶ. 122ರಲ್ಲಿ ಆರಂಭವಾದ ಹೇಡ್ರಿಯನ್ ಗೋಡೆಯ ಉದ್ದ 117 ಕಿಲೋಮೀಟರ್. ಅದರಲ್ಲಿ ಸ್ಟೀಲ್ ರಿಗ್‌ನಿಂದ ಹೌಸ್‌ಸ್ಟೆಡ್ಸ್ ಕೋಟೆಯವರೆಗಿನ ಸುಮಾರು ಮೂರು ಮೈಲಿ ಎಲ್ಲಕ್ಕಿಂತ ಚೆಂದ. ಹೌಸ್‌ಸ್ಟೆಡ್ಸ್‌ನಲ್ಲಿ ಕಾರು ನಿಲ್ಲಿಸಿ, ಎಡಿ122 ಬಸ್ಸಿನಲ್ಲಿ ಪಶ್ಚಿಮಕ್ಕೆ ದ ಸಿಲ್ ಕೇಂದ್ರದವರೆಗೆ ಹೋಗಿ, ಅಲ್ಲಿಂದ ಸ್ಟೀಲ್ ರಿಗ್ ಹತ್ತಿ ಗೋಡೆಯ ಗುಂಟ ಕಾರಿನ ಕಡೆಗೆ ನಡೆದು ಬನ್ನಿ. ಆ ಬಸ್ಸು ದಿನಕ್ಕೆ ಕೆಲವೇ ಸಲ ಬರುತ್ತದೆ. ಮೊದಲು ನಡೆದು ಆಮೇಲೆ ಬಸ್ಸಿಗೆ ಕಾಯುವವರು ಕೊನೆಯ ಬಸ್ಸು ತಪ್ಪಿಸಿಕೊಂಡು ಪರದಾಡುತ್ತಾರೆ. ಗಾಳಿ ಹೆಚ್ಚಾಗಿ ಪಶ್ಚಿಮದಿಂದಲೇ ಬೀಸುವುದರಿಂದ ಹೀಗೆ ಬಂದರೆ ಅದು ಬೆನ್ನಿಗಿರುತ್ತದೆ. ಕಲ್ಲಿನ ಮೆಟ್ಟಿಲುಗಳು ಕಡಿದಾಗಿವೆ, ಮಳೆಯಲ್ಲಿ ಜಾರುತ್ತವೆ. ಮಂಡಿನೋವಿರುವವರು ಹೌಸ್‌ಸ್ಟೆಡ್ಸ್ ಮತ್ತು ವಿಂಡೊಲಾಂಡ ಎಂಬ ಎರಡು ರೋಮನ್ ಕೋಟೆಗಳನ್ನೇ ನೋಡಿದರೂ ದಿನ ಸಾರ್ಥಕ.

ಪ್ರಶ್ನೆ: ಫಾರ್ನ್ ದ್ವೀಪಗಳಲ್ಲಿ ಪಫಿನ್ ಹಕ್ಕಿ ನೋಡಲು ಆಗಸ್ಟ್‌ನಲ್ಲಿ ಹೋದರೆ ಆದೀತೇ?

ಉತ್ತರ: ಆಗುವುದಿಲ್ಲ. ಜುಲೈ ಕೊನೆಯ ಹೊತ್ತಿಗೆ ಬಹುಪಾಲು ಪಫಿನ್‌ಗಳು ಗೂಡು ಬಿಟ್ಟು ಕಡಲಿಗೆ ಹೋಗಿಬಿಡುತ್ತವೆ. ಮೇ ನಡುವಿನಿಂದ ಜುಲೈ ನಡುವಿನವರೆಗೆ ಒಳ್ಳೆಯ ಕಾಲ. ದೋಣಿಗಳು ಸೀಹೌಸಸ್‌ನಿಂದ ಹೊರಡುತ್ತವೆ. ದ್ವೀಪದ ಮೇಲೆ ಇಳಿಯುವ ಪ್ರವಾಸವನ್ನೇ ಕೇಳಿ ಪಡೆಯಿರಿ; ಕೆಲವು ದೋಣಿಗಳು ಸುತ್ತು ಹಾಕಿ ಮರಳುತ್ತವೆ, ಅಷ್ಟೇ. ಇಳಿಯುವುದಕ್ಕೆ ದ್ವೀಪಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಶುಲ್ಕ ದೋಣಿಯ ದರಕ್ಕಿಂತ ಬೇರೆ. ಕಡಲು ಒರಟಾಗಿದ್ದರೆ ಪ್ರವಾಸ ರದ್ದಾಗುತ್ತದೆ, ಆದ್ದರಿಂದ ರಜೆಯ ಮೊದಲ ದಿನಗಳಿಗೇ ಬುಕ್ ಮಾಡಿ, ಇನ್ನೊಂದು ದಿನ ಕೈಯಲ್ಲಿರಲಿ. ಗಟ್ಟಿ ಟೋಪಿ ಮರೆಯಬೇಡಿ. ಕಾಲುದಾರಿಯ ಪಕ್ಕದಲ್ಲೇ ಮೊಟ್ಟೆಯಿಟ್ಟಿರುವ ಆರ್ಕ್‌ಟಿಕ್ ಟರ್ನ್ ಎಂಬ ಕಡಲ ಹಕ್ಕಿಗಳು ನೇರ ನೆತ್ತಿಗೇ ಕುಕ್ಕುತ್ತವೆ, ರಕ್ತವೂ ಬರಬಹುದು. ಶರತ್ಕಾಲದಲ್ಲಿ ಹೋಗುವುದಾದರೆ ಅಕ್ಟೋಬರ್ ಕೊನೆಯಿಂದ ಬೂದು ಸೀಲ್‌ಗಳ ಮರಿಗಳನ್ನು ದೋಣಿಯಿಂದಲೇ ನೋಡಬಹುದು.

ಪ್ರಶ್ನೆ: ಭಾರತದ ಲೈಸೆನ್ಸ್‌ನಲ್ಲಿ ಅಲ್ಲಿ ಕಾರು ಓಡಿಸಬಹುದೇ? ಹಳ್ಳಿ ರಸ್ತೆಗಳು ಹೇಗಿವೆ?

ಉತ್ತರ: ಪ್ರವಾಸಿಗರು 12 ತಿಂಗಳವರೆಗೆ ಓಡಿಸಬಹುದು. ಅಲ್ಲೂ ಎಡಬದಿಯ ಸಂಚಾರವೇ. ಗೇರ್ ಇಲ್ಲದ ಕಾರು ಬೇಕಿದ್ದರೆ ಬುಕ್ ಮಾಡುವಾಗಲೇ ಆಟೊಮ್ಯಾಟಿಕ್ ಎಂದು ಆರಿಸಿ. ಒಂದೇ ವಾಹನ ಹಿಡಿಸುವ ರಸ್ತೆಗಳಲ್ಲಿ ಅಲ್ಲಲ್ಲಿ ಅಗಲ ಮಾಡಿದ ಜಾಗವಿರುತ್ತದೆ. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಸರಿಯಿರಿ. ಬಲಕ್ಕಿದ್ದರೆ ಅದರ ಎದುರು ನಿಮ್ಮ ಬದಿಯಲ್ಲೇ ನಿಂತು ಎದುರಿನವರಿಗೆ ದಾರಿ ಬಿಡಿ. ಫೋಟೊ ತೆಗೆಯಲು ಅಲ್ಲಿ ಕಾರು ನಿಲ್ಲಿಸುವಂತಿಲ್ಲ. ಗೋಡೆಯ ಪಕ್ಕದ ಬಿ6318 ರಸ್ತೆ ನೇರವಾಗಿ ಕಂಡರೂ ಏರಿಳಿತಗಳ ತಗ್ಗಿನಲ್ಲಿ ಎದುರಿನ ವಾಹನ ಪೂರ್ತಿ ಮರೆಯಾಗುತ್ತದೆ. ಅಲ್ಲಿ ಓವರ್‌ಟೇಕ್ ಬೇಡ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟಕ್ಕೆ ತೊಂದರೆಯಾದೀತೇ? ರಾತ್ರಿ ನಕ್ಷತ್ರ ನೋಡಲೂ ಆಸೆ.

ಉತ್ತರ: ಅಡುಗೆಮನೆಯಿರುವ ಕಾಟೇಜ್ ಹಿಡಿಯಿರಿ. ಹಳ್ಳಿಯ ಪಬ್‌ಗಳಲ್ಲಿ ಸಸ್ಯಾಹಾರ ಸಿಗುತ್ತದೆ, ಆದರೆ ಎಷ್ಟೋ ಕಡೆ ಎಂಟೂವರೆ–ಒಂಬತ್ತಕ್ಕೆ ಅಡುಗೆಮನೆ ಮುಚ್ಚುತ್ತದೆ. ಭಾನುವಾರ ದೊಡ್ಡ ಅಂಗಡಿಗಳು ತೆರೆದಿರುವುದು ಆರು ಗಂಟೆ ಮಾತ್ರ, ಆದ್ದರಿಂದ ಸಾಮಾನನ್ನು ಶನಿವಾರವೇ ತಂದಿಟ್ಟುಕೊಳ್ಳಿ. ಕೀಲ್ಡರ್ ಅರಣ್ಯವೂ ನಾರ್ಥಂಬರ್ಲೆಂಡ್ ರಾಷ್ಟ್ರೀಯ ಉದ್ಯಾನವೂ 2013ರಿಂದ ಡಾರ್ಕ್ ಸ್ಕೈ ಪಾರ್ಕ್, ಅಂದರೆ ದೀಪದ ಬೆಳಕಿಲ್ಲದ ಕತ್ತಲ ಆಕಾಶದ ತಾಣ, ಎಂಬ ಮಾನ್ಯತೆ ಪಡೆದಿವೆ. ಆದರೆ ಜೂನ್‌ನಲ್ಲಿ ಅಲ್ಲಿ ಇಡೀ ರಾತ್ರಿ ಸಂಜೆಬೆಳಕು ಉಳಿದಿರುತ್ತದೆ. ಆಕಾಶಗಂಗೆ ಕಣ್ತುಂಬ ನೋಡಬೇಕಿದ್ದರೆ ಸೆಪ್ಟೆಂಬರ್ ನಂತರ, ಅಮಾವಾಸ್ಯೆಯ ಆಚೀಚೆ ಹೋಗಿ.