ಫಿಶ್ ಅಂಡ್ ಚಿಪ್ಸ್ ಇಷ್ಟು ತುಟ್ಟಿ ಯಾಕಾಯ್ತು?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಉತ್ತರ ಕೊಡುತ್ತಿರುವವರು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಸಣ್ಣ ಹೋಟೆಲು, ಟೇಕ್‌ಅವೇ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವ ಕನ್ನಡಿಗ ಅಕೌಂಟೆಂಟ್.

ಪ್ರಶ್ನೆ: ಸರ್, ನಾನು ಧಾರವಾಡದವನು. ಶೆಫೀಲ್ಡ್‌ನಲ್ಲಿ ಎಂ.ಎಸ್ಸಿ. ಓದ್ತಾ ಇದ್ದೇನೆ. ‘ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಫಿಶ್ ಅಂಡ್ ಚಿಪ್ಸ್ ತಿನ್ನು, ಆರು ಪೌಂಡಿಗೆ ಹೊಟ್ಟೆ ತುಂಬುತ್ತೆ’ ಅಂತ ನಮ್ಮ ಸೀನಿಯರ್ ಹೇಳಿದ್ದರು. ಮೊನ್ನೆ ಹೋದರೆ ಹನ್ನೊಂದು ಪೌಂಡ್ ತಗೊಂಡರು. ಹಿಟ್ಟಿನಲ್ಲಿ ಅದ್ದಿ ಕರಿದ ಒಂದು ತುಂಡು ಮೀನು, ಉದ್ದಕ್ಕೆ ಹೆಚ್ಚಿ ಕರಿದ ಒಂದಿಷ್ಟು ಆಲೂಗಡ್ಡೆ, ಅಷ್ಟೇ. ಇದು ಸುಲಿಗೆ ಅಲ್ವಾ?

ನಿಮ್ಮ ಸೀನಿಯರ್ ಸುಳ್ಳು ಹೇಳಿಲ್ಲ. ಬ್ರಿಟನ್ನಿನ ಸರ್ಕಾರಿ ಅಂಕಿಅಂಶ ಕಚೇರಿಯ ಲೆಕ್ಕದಲ್ಲಿ 2019ರ ಜುಲೈನಲ್ಲಿ ಒಂದು ಪೊಟ್ಟಣದ ಸರಾಸರಿ ಬೆಲೆ 6.48 ಪೌಂಡ್. 2024ರ ಜುಲೈಗೆ ಅದು 9.88 ಪೌಂಡ್ ಆಯಿತು. ಐದು ವರ್ಷಕ್ಕೆ ಶೇ 52ರಷ್ಟು ಏರಿಕೆ. ನಮ್ಮ ದುಡ್ಡಲ್ಲಿ ಹೇಳಿದರೆ ಸಾವಿರ ರೂಪಾಯಿ ದಾಟಿತು. ನಿಮಗೆ ಹೊಟ್ಟೆ ಉರಿದದ್ದು ಸಹಜ.

ಆದರೆ ಸುಲಿಗೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಂಥ ಅಂಗಡಿಗಳ ಲೆಕ್ಕದ ಪುಸ್ತಕ ಪ್ರತಿ ತಿಂಗಳು ನನ್ನ ಮೇಜಿಗೆ ಬರುತ್ತದೆ. ಬೆಲೆ ಏರಿದಷ್ಟು ಮಾಲೀಕರ ಕೈಗೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಸಾಂಬಾರಿಗೆ ಬೇಳೆ ತುಟ್ಟಿಯಾದರೆ ನಾವು ಒಂದು ಹಿಡಿ ಬೇಳೆ ಕಡಿಮೆ ಮಾಡಿ ತರಕಾರಿ ಜಾಸ್ತಿ ಹಾಕುತ್ತೇವೆ. ಈ ತಿಂಡಿಯಲ್ಲಿ ಅದು ಆಗುವುದಿಲ್ಲ. ಮೀನು, ಆಲೂಗಡ್ಡೆ, ಎಣ್ಣೆ, ಬೆಂಕಿ, ಆಳು. ಇರುವುದೇ ಐದು. ಈ ಐದೂ ಒಟ್ಟಿಗೆ ತುಟ್ಟಿಯಾದವು.

ಎಣ್ಣೆ ನೋಡಿ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧಕ್ಕೆ ಹೋಯಿತು. ಸೂರ್ಯಕಾಂತಿ ಎಣ್ಣೆಯನ್ನು ಹೊರದೇಶಗಳಿಗೆ ಮಾರುವವರಲ್ಲಿ ಈ ಎರಡು ದೇಶಗಳೇ ಮುಂದು. ಆ ವರ್ಷ ಧಾರವಾಡದಲ್ಲಿ ನಿಮ್ಮ ಮನೆಯ ಎಣ್ಣೆ ಪ್ಯಾಕೆಟ್ ಎಷ್ಟಾಗಿತ್ತು ಅಂತ ಅಮ್ಮನನ್ನು ಕೇಳಿ, ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಅದೇ ವರ್ಷ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಕೆಲವು ವಾರ ಪಾಮ್ ಎಣ್ಣೆ ರಫ್ತನ್ನೂ ನಿಲ್ಲಿಸಿತು. ಸೂರ್ಯಕಾಂತಿ ಬೇಡ, ಪಾಮ್‌ಗೆ ಹೋಗೋಣ ಅಂದುಕೊಂಡವರಿಗೆ ಆ ಬಾಗಿಲೂ ಮುಚ್ಚಿತು.

ಗ್ಯಾಸ್, ಕರೆಂಟಿನ ಕಥೆ ಇನ್ನೂ ಕಷ್ಟದ್ದು. ಇಲ್ಲಿ ಮನೆಗಳ ಬಿಲ್ಲಿಗೆ ಸರ್ಕಾರದ ಒಂದು ಮಿತಿ ಇದೆ. ಅಂಗಡಿಗಳಿಗೆ ಆ ಮಿತಿ ಇಲ್ಲ. 2022ರಲ್ಲಿ ಹಳೇ ಕರಾರು ಮುಗಿದು ಹೊಸದಕ್ಕೆ ಸಹಿ ಹಾಕಬೇಕಾದವರ ಪಾಡು ಹೇಳತೀರದು. ನನಗೆ ಪರಿಚಯದ ಒಬ್ಬ ಮಾಲೀಕರು ಆ ಕಾಗದ ತಂದು ನನ್ನ ಮುಂದೆ ಇಟ್ಟು, ‘ಇದರಲ್ಲಿ ಪ್ರಿಂಟ್ ತಪ್ಪಾಗಿದೆ ಅಲ್ವಾ?’ ಅಂತ ಕೇಳಿದರು. ತಪ್ಪಾಗಿರಲಿಲ್ಲ. ಅವರ ಅಂಗಡಿಯಲ್ಲಿ ನಾಲ್ಕು ಬಾಣಲೆ ಇವೆ. ಅವತ್ತಿನಿಂದ ವಾರದ ದಿನಗಳಲ್ಲಿ ಎರಡೇ ಉರಿಸುತ್ತಾರೆ. ಮೀನಿನ ತುಂಡನ್ನು ಬಾಲದ ಕಡೆ ಹಿಡಿದು, ಬಜ್ಜಿ ಹಿಟ್ಟಿನ ಹದದ ಹಿಟ್ಟಿನಲ್ಲಿ ಅದ್ದಿ, ಎಣ್ಣೆ ಮೈಗೆ ಹಾರದ ಹಾಗೆ ಆಚೆ ಬದಿಗೆ ಮೆಲ್ಲಗೆ ಮಲಗಿಸುತ್ತಾರೆ. ಮೂವತ್ತು ವರ್ಷದ ಕೈ ಅದು. ಗಿರಾಕಿ ಇಲ್ಲದ ಹೊತ್ತಲ್ಲಿ ಆ ಕೈ ಈಗ ಗ್ಯಾಸಿನ ತಿರುಗಣೆಯ ಮೇಲೇ ಇರುತ್ತದೆ.

ಕೂಲಿಯೂ ಏರಿದೆ. ಕಾನೂನು ಪ್ರಕಾರದ ಕನಿಷ್ಠ ಕೂಲಿ 2019ರ ಏಪ್ರಿಲ್‌ನಲ್ಲಿ ಗಂಟೆಗೆ 8.21 ಪೌಂಡ್ ಇತ್ತು. 2025ರ ಏಪ್ರಿಲ್‌ಗೆ 12.21. ಕೌಂಟರಿನಲ್ಲಿ ಪಾರ್ಟ್‌ಟೈಮ್ ನಿಲ್ಲುವವರಲ್ಲಿ ನಿಮ್ಮಂಥ ವಿದ್ಯಾರ್ಥಿಗಳೇ ಜಾಸ್ತಿ. ಅವರಿಗೆ ಅಷ್ಟು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದುಡ್ಡೂ ಈ ಪೊಟ್ಟಣದಿಂದಲೇ ಹುಟ್ಟಬೇಕು.

ಇನ್ನು ವ್ಯಾಟ್, ಅಂದರೆ ನಮ್ಮ ಜಿಎಸ್‌ಟಿ ಥರದ ಮಾರಾಟ ತೆರಿಗೆ. ಇದರ ಬಗ್ಗೆ ಗಿರಾಕಿಗಳಿಗೆ ಗೊತ್ತಿರುವುದು ತೀರಾ ಕಡಿಮೆ. ಬಿಸಿಯಾಗಿ ಕಟ್ಟಿಕೊಡುವ ತಿಂಡಿಯ ಮೇಲೆ ಇಲ್ಲಿ 1984ರಿಂದ ತೆರಿಗೆ ಇದೆ. ಈಗ ಅದು ಶೇ 20. ಹತ್ತು ಪೌಂಡಿನ ಪೊಟ್ಟಣದಲ್ಲಿ 1 ಪೌಂಡ್ 67 ಪೆನ್ಸ್ ಸೀದಾ ಸರ್ಕಾರಕ್ಕೆ ಹೋಗುತ್ತದೆ. ಬೇರೆ ವ್ಯಾಪಾರದವರು ತಾವು ಮಾಲು ಕೊಳ್ಳುವಾಗ ಕೊಟ್ಟ ವ್ಯಾಟನ್ನು ಇದರಲ್ಲಿ ಕಳೆದು, ಉಳಿದದ್ದನ್ನಷ್ಟೇ ಸರ್ಕಾರಕ್ಕೆ ಕಟ್ಟುತ್ತಾರೆ. ಹಸಿ ಮೀನು, ಆಲೂಗಡ್ಡೆಯ ಮೇಲೆ ವ್ಯಾಟ್ ಸೊನ್ನೆ. ಹಾಗಾಗಿ ಮೀನಿನ ಅಂಗಡಿಯವರಿಗೆ ಕಳೆಯುವುದಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಈ ತೆರಿಗೆಯನ್ನು ಶೇ 5ಕ್ಕೆ ಇಳಿಸಿದ್ದರು. ಆಮೇಲೆ 12.5 ಮಾಡಿದರು. ಮತ್ತೆ 20ಕ್ಕೆ ತಂದದ್ದು ಯಾವಾಗ ಗೊತ್ತಾ? 2022ರ ಏಪ್ರಿಲ್‌ನಲ್ಲಿ. ಯುದ್ಧ ಶುರುವಾಗಿ ಎಣ್ಣೆಗೆ ಬೆಂಕಿ ಬಿದ್ದಿದ್ದ ಹೊತ್ತಲ್ಲಿ. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ಆ ಒಂದು ವರ್ಷವಾದರೂ ತಡೆಯಬೇಕಿತ್ತು.

ಈ ಫಿಶ್ ಅಂಡ್ ಚಿಪ್ಸ್ ಮಿಲ್ಲು, ಗಣಿಗಳ ಕೆಲಸಗಾರರು ಸಂಜೆ ಮನೆಗೆ ಕಟ್ಟಿಸಿಕೊಂಡು ಹೋಗುತ್ತಿದ್ದ ಊಟ. ಎರಡನೇ ಮಹಾಯುದ್ಧದಲ್ಲಿ ಬೆಣ್ಣೆ, ಮಾಂಸ, ಸಕ್ಕರೆಗೆಲ್ಲ ರೇಷನ್ ಬಂದಾಗಲೂ ಫಿಶ್ ಅಂಡ್ ಚಿಪ್ಸ್‌ಗೆ ರೇಷನ್ ಹಾಕಲಿಲ್ಲ. ಒಂದು ಕಾಲಕ್ಕೆ ದೇಶದಲ್ಲಿ 35 ಸಾವಿರದಷ್ಟು ಅಂಗಡಿಗಳಿದ್ದವು. ಈಗ ಉಳಿದಿರುವುದು ಸುಮಾರು ಹತ್ತು ಸಾವಿರ. ಬಡವರ ಊಟ ಬಡವರ ಕೈಗೆ ಸಿಗದ ಹಾಗಾಗಿದೆ ಅನ್ನುವ ನಿಮ್ಮ ಬೇಜಾರು ಸರಿಯಾದದ್ದೇ. ಅದನ್ನು ಕೌಂಟರಿನ ಹಿಂದೆ ನಿಂತವರ ಮೇಲೆ ಹಾಕಬೇಡಿ, ಅಷ್ಟೇ ನನ್ನ ಕೋರಿಕೆ.

ನಿಮ್ಮ ಜೇಬಿಗೆ ಒಂದೆರಡು ಮಾತು. ಆ್ಯಪ್‌ನಲ್ಲಿ ತರಿಸಬೇಡಿ. ಕಮಿಷನ್ ಸೇರಿಸಿ ಅಲ್ಲಿ ಬೆಲೆ ಜಾಸ್ತಿ ಹಾಕುವವರು ಬಹಳ. ನಡೆದುಕೊಂಡು ಹೋಗಿ ತನ್ನಿ. ಮಧ್ಯಾಹ್ನದ ‘ಲಂಚ್ ಸ್ಪೆಷಲ್’ ಇದೆಯಾ ಅಂತ ಕೇಳಿ, ಸಣ್ಣ ಮೀನು ಕೊಡುತ್ತಾರೆ, ಒಬ್ಬರಿಗೆ ಧಾರಾಳ ಸಾಕು. ದೊಡ್ಡ ಚಿಪ್ಸ್ ಒಂದು ತಗೊಂಡರೆ ಇಬ್ಬರು ತಿನ್ನಬಹುದು. ಬಾಣಲೆಯಲ್ಲಿ ಉದುರಿದ ಹಿಟ್ಟಿನ ಚೂರುಗಳಿಗೆ ಯಾರ್ಕ್‌ಶೈರಿನಲ್ಲಿ ‘ಸ್ಕ್ರ್ಯಾಪ್ಸ್’ ಅನ್ನುತ್ತಾರೆ. ಕೇಳಿದರೆ ಎಷ್ಟೋ ಕಡೆ ಹಾಗೇ ಹಾಕಿ ಕೊಡುತ್ತಾರೆ. ಬೋಂಡಾ ಅಂಗಡಿಯ ಕುರುಕಲು ಚೂರು ಇಷ್ಟಪಡುವವರಿಗೆ ಇದೂ ಹಿಡಿಸುತ್ತದೆ.

ಪ್ರಶ್ನೆ: ಮಾರಾಯ್ರೇ, ಅದು ಸುತ್ತ ಸಮುದ್ರ ಇರುವ ದೇಶ. ನಮ್ಮ ಮಲ್ಪೆಯಲ್ಲಿ ಮೀನು ಜಾಸ್ತಿ ಬಂದ ದಿನ ರೇಟು ಬಿದ್ದೇ ಹೋಗುತ್ತದೆ. ಅಲ್ಲಿ ಮೀನೇ ತುಟ್ಟಿ ಅಂದರೆ ಹೇಗೆ?

ಅವರ ಸಮುದ್ರದಲ್ಲಿ ಮೀನಿದೆ. ಅವರ ನಾಲಿಗೆ ಕೇಳುವ ಮೀನು ಬೇಕಾದಷ್ಟು ಇಲ್ಲ. ಬ್ರಿಟನ್ನಿನ ದೋಣಿಗಳಿಗೆ ನಮ್ಮ ಬಂಗುಡೆಯ ಬಳಗದ ಮ್ಯಾಕೆರೆಲ್, ಹೆರ್ರಿಂಗ್, ಏಡಿ ಎಲ್ಲ ಚೆನ್ನಾಗಿ ಸಿಗುತ್ತವೆ. ಅದರಲ್ಲಿ ಬಹಳಷ್ಟು ಹೊರದೇಶಕ್ಕೆ ಹೋಗುತ್ತದೆ. ಈ ಜನಕ್ಕೆ ಬೇಕಾದದ್ದು ಕಾಡ್ ಮತ್ತು ಹ್ಯಾಡಕ್. ಬೆಳ್ಳಗಿನ ಮಾಂಸ, ಮುಳ್ಳು ತೆಗೆದ ದಪ್ಪ ತುಂಡು. ಮನೆಯಲ್ಲಿ ಅಂಜಲೇ ಆಗಬೇಕು ಅಂತ ಹಟ ಹಿಡಿಯುವವರ ಹಾಗೆ.

ಮೊದಲು ಹಲ್, ಗ್ರಿಮ್ಸ್‌ಬಿ ಬಂದರುಗಳಿಂದ ಟ್ರಾಲರ್‌ಗಳು ಐಸ್‌ಲೆಂಡ್ ತನಕ ಹೋಗಿ ಕಾಡ್ ತರುತ್ತಿದ್ದವು. ಐಸ್‌ಲೆಂಡಿನವರು ‘ಇದು ನಮ್ಮ ನೀರು’ ಅಂತ ಎದ್ದು ನಿಂತರು. 1958ರಿಂದ 1976ರ ನಡುವೆ ಮೂರು ಸಲ ಜಗಳವಾಯಿತು. ಬ್ರಿಟನ್ ಯುದ್ಧನೌಕೆ ಕಳಿಸಿದರೆ, ಐಸ್‌ಲೆಂಡಿನ ಕಾವಲು ಹಡಗುಗಳು ಬ್ರಿಟಿಷರ ಬಲೆಯ ಹಗ್ಗವನ್ನೇ ಕತ್ತರಿಸಿದವು. ಕೊನೆಗೆ ದಡದಿಂದ 200 ನಾಟಿಕಲ್ ಮೈಲಿ ಐಸ್‌ಲೆಂಡಿನ ಪಾಲಾಯಿತು. ಹಲ್, ಗ್ರಿಮ್ಸ್‌ಬಿಯ ಮೀನುಗಾರರ ಎಷ್ಟೋ ಮನೆಗಳು ಆಗ ಕಷ್ಟಕ್ಕೆ ಬಿದ್ದವು. ಅಲ್ಲಿಂದೀಚೆಗೆ ಬ್ರಿಟನ್ನಿನ ಕಾಡ್ ಹೆಚ್ಚಾಗಿ ಕೊಂಡು ತಂದದ್ದೇ.

ಈಗಿನ ಪೆಟ್ಟು ಬಂದಿರುವುದು ಇನ್ನೂ ಉತ್ತರದಿಂದ. ನಾರ್ವೆ, ರಷ್ಯಾಗಳ ಮೇಲಿರುವ ಬಾರೆಂಟ್ಸ್ ಸಮುದ್ರ ಕಾಡ್ ಮೀನಿನ ದೊಡ್ಡ ಮನೆ. ವರ್ಷಕ್ಕೆ ಎಷ್ಟು ಹಿಡಿಯಬಹುದು ಅಂತ ಆ ಎರಡು ದೇಶಗಳು ಕೂತು ನಿಗದಿ ಮಾಡುತ್ತವೆ. 2021ಕ್ಕೆ ಎಂಟೂಮುಕ್ಕಾಲು ಲಕ್ಷ ಟನ್‌ಗಿಂತ ಜಾಸ್ತಿ ಇತ್ತು. 2025ಕ್ಕೆ 3.4 ಲಕ್ಷ ಟನ್, 1991ರಿಂದೀಚೆಗೆ ಅತಿ ಕಡಿಮೆ. 2026ಕ್ಕೆ ಇನ್ನೂ ಇಳಿಸಿ 2.85 ಲಕ್ಷ ಮಾಡಿದ್ದಾರೆ. ಮೂರು ಪಾಲಿನಲ್ಲಿ ಒಂದು ಪಾಲಿಗೆ ಬಂತು. ಸಾಲದ್ದಕ್ಕೆ ಯುದ್ಧದ ಕಾರಣ ಬ್ರಿಟನ್ 2022ರಲ್ಲಿ ರಷ್ಯಾದ ಈ ಬಿಳಿ ಮೀನಿನ ಮೇಲೆ ಶೇ 35ರಷ್ಟು ಹೆಚ್ಚುವರಿ ಸುಂಕ ಹಾಕಿತು.

ಮೀನು ಹಿಡಿಯುವ ಮಿತಿ ಇಳಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಮೊಟ್ಟೆ ಇಡುವ ಮೀನು ಕಡಿಮೆಯಾದಾಗ ಕೈ ಬಿಗಿ ಹಿಡಿಯಲೇಬೇಕು. ನಿಮ್ಮಲ್ಲೂ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳನ್ನು ಕಟ್ಟಿ ಹಾಕುತ್ತಾರಲ್ಲ, ಅದೇ ಲೆಕ್ಕ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಹೊತ್ತು ಮೀರುವ ತನಕ ಹಿಡಿದರು. 1992ರಲ್ಲಿ ಅಲ್ಲಿ ಕಾಡ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಊರೂರೇ ಖಾಲಿಯಾದವು. ತುಟ್ಟಿ ಮೀನನ್ನಾದರೂ ತಡೆದುಕೊಳ್ಳಬಹುದು.

ಪ್ರಶ್ನೆ: ನಾವು ಲೀಡ್ಸ್‌ನಲ್ಲಿದ್ದೇವೆ. ಊರಿಂದ ಅತ್ತೆ ಮಾವ ಬಂದಿದ್ದಾರೆ. ಅವರು ಮೀನು ಮುಟ್ಟುವುದಿಲ್ಲ. ಬರೀ ಚಿಪ್ಸ್ ಕೊಡಿಸಬಹುದಾ? ಖರ್ಚೂ ಕಡಿಮೆ.

ಅಂಗಡಿಯಲ್ಲಿ ಕೇಳದೆ ಕೊಡಿಸಬೇಡಿ. ನಿಮ್ಮ ಕಡೆ, ಅಂದರೆ ಯಾರ್ಕ್‌ಶೈರಿನಲ್ಲಿ, ಬಹಳ ಅಂಗಡಿಗಳು ಇವತ್ತಿಗೂ ‘ಬೀಫ್ ಡ್ರಿಪ್ಪಿಂಗ್’ನಲ್ಲಿ ಕರಿಯುತ್ತವೆ. ಅದು ಕರಗಿಸಿದ ದನದ ಕೊಬ್ಬು. ಚಿಪ್ಸ್ ಕೂಡ ಅದರಲ್ಲೇ ಬೇಯುತ್ತದೆ. ಮೊದಲ ಸಲ ಇಲ್ಲಿಗೆ ಬಂದ ನಮ್ಮವರು ಗೊತ್ತಿಲ್ಲದೆ ತಿಂದು, ಆಮೇಲೆ ತಿಳಿದು ಎರಡು ದಿನ ನೊಂದುಕೊಂಡದ್ದನ್ನು ನಾನೇ ಕಂಡಿದ್ದೇನೆ. ‘ಯಾವುದರಲ್ಲಿ ಕರಿಯುತ್ತೀರಿ, ಚಿಪ್ಸ್‌ಗೆ ಬೇರೆ ಬಾಣಲೆ ಇದೆಯಾ’ ಅಂತ ಎರಡು ಪ್ರಶ್ನೆ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲ ಅಂದರೆ ಮನೆಯಲ್ಲೇ ಮಾಡಿಕೊಡಿ. ಇಲ್ಲಿಯ ಮಾರಿಸ್ ಪೈಪರ್ ಆಲೂಗಡ್ಡೆ ಚಿಪ್ಸ್‌ಗೆ ಬಹಳ ಒಳ್ಳೆಯದು.

ಪ್ರಶ್ನೆ: ಲೆಸ್ಟರ್‌ನಲ್ಲಿ ನಾನು, ನಮ್ಮ ಯಜಮಾನರು ಸೇರಿ ಒಂದು ಹಳೇ ಚಿಪ್ ಶಾಪ್ ಕೊಳ್ಳುವ ಯೋಚನೆಯಲ್ಲಿದ್ದೇವೆ. ಬೆಲೆ ಇಷ್ಟು ಏರಿದೆ ಅಂದಮೇಲೆ ಲಾಭವೂ ಇರಬೇಕಲ್ವಾ?

ಅಮ್ಮಾ, ಬೆಲೆ ಹಲಗೆ ನೋಡಿ ಅಂಗಡಿ ಕೊಳ್ಳಬೇಡಿ. ಮೂರು ವರ್ಷದ ಲೆಕ್ಕ ಕೇಳಿ. ಗ್ಯಾಸ್, ಕರೆಂಟಿನ ಕರಾರು ಯಾವ ತಿಂಗಳು ಮುಗಿಯುತ್ತದೆ ಅಂತ ಕಾಗದದಲ್ಲೇ ನೋಡಿ, ಬಾಯಿಮಾತು ನಂಬಬೇಡಿ. ಕರಿಯುವ ರೇಂಜ್, ಅಂದರೆ ಬಾಣಲೆಗಳಿರುವ ದೊಡ್ಡ ಒಲೆ, ಎಷ್ಟು ಹಳೆಯದು ಕೇಳಿ. ಹಳೆಯದಾದಷ್ಟೂ ಗ್ಯಾಸ್ ಕುಡಿಯುತ್ತದೆ, ಹೊಸದು ಹಾಕಿಸುವುದು ಸಣ್ಣ ಖರ್ಚಲ್ಲ. ಹನ್ನೆರಡು ತಿಂಗಳ ವ್ಯಾಪಾರ 90 ಸಾವಿರ ಪೌಂಡ್ ದಾಟಿದರೆ ವ್ಯಾಟ್ ನೋಂದಣಿ ಕಡ್ಡಾಯ. ಮಾರುವವರು ಅದಕ್ಕಿಂತ ಸ್ವಲ್ಪವೇ ಕಡಿಮೆ ತೋರಿಸಿದ್ದರೆ ಯಾಕೆ ಅಂತ ಕೇಳಿ. ನೀವು ವ್ಯಾಪಾರ ಬೆಳೆಸಿದ ದಿನ ಶೇ 20ರ ಆ ತೆರಿಗೆ ನಿಮ್ಮ ತಲೆಗೆ ಬರುತ್ತದೆ.

ಇನ್ನೊಂದು ಕೆಲಸ ಮಾಡಿ. ಒಂದು ಶುಕ್ರವಾರ ಸಂಜೆ, ಒಂದು ಮಂಗಳವಾರ ಮಧ್ಯಾಹ್ನ, ಆ ಅಂಗಡಿಯ ಎದುರು ಕಾರು ನಿಲ್ಲಿಸಿಕೊಂಡು ಎರಡು ಗಂಟೆ ಕೂತುಕೊಳ್ಳಿ. ಎಷ್ಟು ಜನ ಒಳಗೆ ಹೋದರು, ಎಷ್ಟು ಜನ ಬೆಲೆ ನೋಡಿ ವಾಪಸ್ ಬಂದರು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಆ ಚೀಟಿ, ಮೂರು ವರ್ಷದ ಲೆಕ್ಕ ಎರಡನ್ನೂ ನನಗೆ ಕಳಿಸಿ. ಕೂತು ಒಟ್ಟಿಗೆ ನೋಡೋಣ.